ಕಿರಣನ ಮೆಸೇಜಿಗೆ ಉತ್ತರ, ಸ್ವಲ್ಪ ಉದ್ದ ಇದೆ

ಕಿರಣ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ವೀಡಿಯೊ ನೋಡಿದೆ. ಹೊಸದುರ್ಗದ ಕಡೆ, ಸವಿತಕ್ಕನ ಊರಿನ ಹತ್ತಿರ, ಜನ ರಸ್ತೆಗೆ ಅಡ್ಡ ಕೂತು, ಗಾಳಿಯಿಂದ ಕರೆಂಟ್ ತೆಗೆಯುವ ಫ್ಯಾನಿನ ರೆಕ್ಕೆ ಹೊತ್ತ ಲಾರಿ ನಿಲ್ಲಿಸಿದ್ದು. "ಕರೆಂಟ್ ಬೇಕು, ಫ್ಯಾನ್ ಬೇಡ, ಇವರಿಗೆ ಯಾವಾಗ ಬುದ್ಧಿ ಬರುತ್ತೋ" ಅಂತ ಕೆಳಗೆ ಬರೆದಿದ್ದೀಯ. ಅದಕ್ಕೆ ಮನೆಯವರೇ ನಗುವ ಇಮೋಜಿ ಬೇರೆ ಹಾಕಿದ್ದಾರೆ. ಇಷ್ಟನ್ನೆಲ್ಲ ಟೈಪ್ ಮಾಡುವ ತಾಳ್ಮೆ ನಿಮ್ಮತ್ತೆಗಿಲ್ಲ, ಮಾತಾಡುತ್ತಾ ಹೋಗುತ್ತೇನೆ, ಫೋನೇ ಬರೆದುಕೊಳ್ಳಲಿ. ಸವಿತಕ್ಕ, ಭಾವ, ನೀವೂ ಪೂರ್ತಿ ಓದಿ, ನಿಮಗೂ ಮಾತಿದೆ.

ಗಾಳಿ ಕರೆಂಟೇ ಬೇಡ ಅನ್ನುವ ಪೈಕಿ ನಾನಲ್ಲ. ನಮ್ಮ ರಾಜ್ಯದಲ್ಲಿ ಈಗ 7,000 ಮೆಗಾವಾಟ್‌ಗಿಂತ ಜಾಸ್ತಿ ಇದೆ. ಮಳೆಗಾಲದಲ್ಲಿ ಮೋಡ ಕವಿದು ಸೋಲಾರ್ ಮಂಕಾಗುವ ಹೊತ್ತಿಗೇ ಇದು ಚೆನ್ನಾಗಿ ತಿರುಗುತ್ತದೆ, ಕಲ್ಲಿದ್ದಲು ಸುಡುವುದಕ್ಕಿಂತ ಎಷ್ಟೋ ವಾಸಿ. ಆ ಊರಿನವರೂ ಬೇಡ ಅಂದಿಲ್ಲ ಕಣೋ. ವೀಡಿಯೊ ಕೊನೆಯಲ್ಲಿ ಹಸಿರು ಟವೆಲ್ಲಿನವರು "ಹಾಕ್ಕಳಿ, ಮನೆ ಬುಡಕ್ಕೆ ಬೇಡ ಅಷ್ಟೆ" ಅನ್ನುತ್ತಾರೆ. ನೀನು ಅಲ್ಲಿವರೆಗೆ ನೋಡಿದಂತಿಲ್ಲ.

ರಸ್ತೆಯಲ್ಲೇ ಯಾಕೆ ಕೂತರು ಗೊತ್ತಾ? ಕೂತು ಮಾತಾಡುವುದಕ್ಕೆ ಅವರಿಗೆ ಬೇರೆ ಜಾಗವನ್ನೇ ಯಾರೂ ಕೊಟ್ಟಿರಲಿಲ್ಲ. ದೊಡ್ಡ ಗಣಿ, ಸಿಮೆಂಟ್ ಫ್ಯಾಕ್ಟರಿ ಬರಬೇಕಾದರೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸುತ್ತಲಿನವರನ್ನು ಕರೆದು ಅಹವಾಲು ಸಭೆ ಮಾಡಬೇಕು. ಜನ ಎದ್ದು ನಿಂತು ಕೂಗಾಡಬಹುದು, ಅದನ್ನು ಬರೆದುಕೊಳ್ಳಲೇಬೇಕು. ಗಾಳಿ ವಿದ್ಯುತ್ ಆ ಪಟ್ಟಿಯಲ್ಲೇ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಮಾಲಿನ್ಯ ತೀರಾ ಕಡಿಮೆ ಇರುವ ಬಿಳಿ ವರ್ಗಕ್ಕೆ ಹಾಕಿತು, ಅಂದರೆ ಮಂಡಳಿಯ ಒಪ್ಪಿಗೆ ಪತ್ರದ ತಾಪತ್ರಯವೂ ಇಲ್ಲ. ಹೊಗೆ ಬರಲ್ಲ, ಸರಿ. ಆದರೆ ಊರಿನವರನ್ನು ಕೇಳುವ ಕೆಲಸವೂ ಅದರ ಜೊತೆಗೇ ಹೋಯಿತಲ್ಲ. ಅಲ್ಲಿ ಆಗುವುದು ಹೀಗೆ: ಒಬ್ಬ ಬ್ರೋಕರ್ ಪಹಣಿ ಜೆರಾಕ್ಸ್ ಹಿಡಿದುಕೊಂಡು ಗುಡ್ಡದ ಸಾಲಿನ ಜಮೀನಿನವರ ಮನೆಗೆ ಒಬ್ಬೊಬ್ಬರದಾಗಿ ಹೋಗುತ್ತಾನೆ, ಒಬ್ಬರಿಗೆ ಹೇಳಿದ ರೇಟು ಇನ್ನೊಬ್ಬರಿಗೆ ಹೇಳಲ್ಲ, ಮಿಕ್ಕವರಿಗೆ ವಿಷಯ ತಿಳಿಯುವ ಹೊತ್ತಿಗೆ ಜೆಸಿಬಿ ಬಂದು ನಿಂತಿರುತ್ತದೆ. ಆಮೇಲೆ ಸಿಗುವ ಜಾಗ ಅಂದರೆ ಲಾರಿ ಬರುವ ರಸ್ತೆ ಒಂದೇ.

ಹೋದ ವರ್ಷ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಮನೆಯ ಮೂಡಣಕ್ಕೆ ಮೊದಲೇ ನಿಂತ ಒಂದು ಫ್ಯಾನಿದೆ. ಬೆಳಿಗ್ಗೆ ಸೂರ್ಯ ಅದರ ಹಿಂದಿನಿಂದ ಬರುವಾಗ ರೆಕ್ಕೆ ನೆರಳು ಅಡುಗೆಮನೆ ಗೋಡೆ ಮೇಲೆ ಹಾದು ಹಾದು ಹೋಗುತ್ತದೆ, ಯಾರೋ ಲೈಟ್ ಹಾಕಿ ಆರಿಸಿ ಆಟ ಆಡಿದ ಹಾಗೆ. ಅಕ್ಕ ಆ ಕಿಟಕಿಗೆ ಗೊಬ್ಬರದ ಚೀಲ ಹೊಲಿದು ಕಟ್ಟಿದ್ದಾಳೆ. ಬೆಳಕೂ ಇಲ್ಲ, ಗಾಳಿಯೂ ಇಲ್ಲ, ಒಲೆ ಹೊಗೆ ಎಲ್ಲ ಒಳಗೇ. ರಾತ್ರಿ ಊರು ಮಲಗಿದ ಮೇಲೆ ಹೂಂಯ್, ಹೂಂಯ್ ಅಂತ ಸದ್ದು. ಜೋರಿಲ್ಲ, ನಿಲ್ಲುವುದೂ ಇಲ್ಲ. ಈಗ ಬರುತ್ತಿರುವುದು ಅದಕ್ಕಿಂತ ದೊಡ್ಡದು. ಇತ್ತೀಚಿನ ಫ್ಯಾನಿನ ರೆಕ್ಕೆ ಒಂದೊಂದೇ 60 ಮೀಟರ್ ದಾಟುತ್ತದೆ, ರೆಕ್ಕೆ ತುದಿ ಮೇಲೆ ಹೋದಾಗ ಹತ್ತಿರ ಹತ್ತಿರ 200 ಮೀಟರ್. ನಿನ್ನ ಮನೆ ಟೆರೇಸಿನಿಂದ ಚಾಮುಂಡಿ ಬೆಟ್ಟ ಕಾಣುತ್ತದಲ್ಲ, ಊರಿನ ನೆಲದಿಂದ ಅದರ ಎತ್ತರದ ಮೂರರಲ್ಲಿ ಎರಡು ಪಾಲು ಅಂದುಕೋ. ಮನೆಗಳಿಂದ ಕನಿಷ್ಠ 500 ಮೀಟರ್ ದೂರ ಇರಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೇ ಹೇಳುತ್ತದೆ. ವಾಸದ ಜಾಗದಲ್ಲಿ ರಾತ್ರಿ ಸದ್ದು 45 ಡೆಸಿಬೆಲ್ ದಾಟಬಾರದು ಅಂತ 2000ರ ನಿಯಮ ಇದೆ. ಅವರು ಕೇಳುತ್ತಿರುವುದು ಇಷ್ಟೇ, ಟೇಪು ಹಿಡಿದು ನಮ್ಮೆದುರು ಅಳೆಯಿರಿ ಅಂತ. ಇದರಲ್ಲಿ ಬುದ್ಧಿ ಇಲ್ಲದ್ದು ಏನಿದೆ?

ದುಡ್ಡಿನ ವಿಚಾರ ಬೇರೆ. ಕಂಬ ನಿಲ್ಲುವ ಎರಡು ಮೂರು ಎಕರೆಯವನಿಗೆ ದುಡ್ಡು, ಪಕ್ಕದವನಿಗೆ ನೆರಳು. ಭಾವನ ಹೊಲದ್ದೇ ನೋಡು. ಕ್ರೇನ್ ಹೋಗಲಿ ಅಂತ ಗ್ರಾವೆಲ್ ಹಾಕಿ ದಾರಿ ಎತ್ತರಿಸಿದರು, ಅಡಿಯಲ್ಲಿ ಪೈಪ್ ಹಾಕಲಿಲ್ಲ. ಮಳೆ ನೀರು ಹಳ್ಳಕ್ಕೆ ಹೋಗುವುದು ಬಿಟ್ಟು ಈರುಳ್ಳಿ ಮಡಿಗೆ ನುಗ್ಗಿತು. ಯಾರಿಗೆ ಹೇಳಬೇಕು? ಕಂಪನಿಯವರು ಕಂಟ್ರಾಕ್ಟರನ್ನು ತೋರಿಸುತ್ತಾರೆ, ಅವನು ಸಬ್ ಕಂಟ್ರಾಕ್ಟರನ್ನು ತೋರಿಸುತ್ತಾನೆ, ಆ ಪುಣ್ಯಾತ್ಮನ ಫೋನ್ ಸ್ವಿಚ್ ಆಫ್.

ನಾವು ಮಂಡ್ಯದವರು ಇದಕ್ಕೆ ನಗಬಾರದು ಕಣೋ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿದಾಗ ಅದು ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ. ಬ್ಲಫ್, ಅಂದರೆ ಆ ಪವರ್ ಹೌಸ್ ಇರುವ ಜಾಗ, ಅದರ ಸುತ್ತಲಿನ ಹಳ್ಳಿಗಳಿಗೆ ಯಾವಾಗ ಅಂತ ನಿನ್ನ ಅಜ್ಜಿಯನ್ನೇ ಕೇಳು, ಅವರು ಮದುವೆಯಾಗಿ ಬಂದಾಗಲೂ ಬುಡ್ಡಿ ದೀಪವೇ. ಅಷ್ಟು ಹಿಂದೆ ಯಾಕೆ ಹೋಗಬೇಕು, ಬೇಬಿ ಬೆಟ್ಟದ ಕಲ್ಲು ಗಣಿಯಲ್ಲಿ ಟ್ರಯಲ್ ಬ್ಲಾಸ್ಟ್ ಬೇಡ, ಕೆಆರ್‌ಎಸ್ ಅಣೆಕಟ್ಟಿಗೆ ಅಪಾಯ ಅಂತ ಪಾಂಡವಪುರದ ಕಡೆ ರೈತರು ನಿಂತಾಗ ನೀನೇ ಸ್ಟೇಟಸ್ ಹಾಕಿದ್ದೆ. ನಮ್ಮವರು ನಿಂತರೆ ಹೋರಾಟ, ಹೊಸದುರ್ಗದವರು ನಿಂತರೆ ದಡ್ಡತನವಾ?

ಹಾಗಂತ ಅವರು ಹೇಳುವುದೆಲ್ಲ ಸರಿ ಅಂತಲೂ ಇಲ್ಲ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ಫ್ಯಾನು ಮೋಡ ಓಡಿಸುತ್ತದೆ, ಅದಕ್ಕೇ ಮಳೆ ಇಲ್ಲ ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಮಳೆ ಮೋಡ ಸಾಮಾನ್ಯವಾಗಿ ಫ್ಯಾನಿಗಿಂತ ಎಷ್ಟೋ ಮೇಲಿರುತ್ತದೆ. ನಿಮ್ಮ ಸೀಮೆಯಲ್ಲಿ ಗಾಳಿ ಜಾಸ್ತಿ, ಮಳೆ ಮೊದಲಿಂದಲೂ ಕಡಿಮೆ, ಅಂಥ ಕಡೆಯೇ ಬಂದು ಫ್ಯಾನ್ ನೆಟ್ಟಿದ್ದಾರೆ. ಸೋಮವಾರ ತಹಸೀಲ್ದಾರ್ ಕರೆದಿರುವ ಮೀಟಿಂಗಿನಲ್ಲಿ ಇದನ್ನು ಎತ್ತಿದರೆ ಅವರು ನಕ್ಕು, 500 ಮೀಟರಿನ ಮಾತನ್ನೂ ಅದರ ಜೊತೆಗೇ ಪಕ್ಕಕ್ಕೆ ಸರಿಸುತ್ತಾರೆ. ಅಳತೆ, ಪೈಪು, ರೇಟು, ಈ ಮೂರರ ಮೇಲೆ ಕೂರಿ. ರೇಟಿಗೆ ಪಾವಗಡದ ಸೋಲಾರ್ ಪಾರ್ಕ್ ತೋರಿಸಿ. ಅಲ್ಲಿ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಅಲ್ಲೂ ಕೂಲಿಯವರ ಕೆಲಸ ಹೋಯಿತು, ಅದು ಬೇರೆ ಸಂಕಟ. ಆದರೆ ರೇಟು ಮುಚ್ಚುಮರೆ ಇರಲಿಲ್ಲ.

ಅಕ್ಕ, ನಿಮ್ಮ ಮೇಲಿನ ಹೊಲಕ್ಕೆ ಅಂತ ಬ್ರೋಕರ್ ಕೊಟ್ಟು ಹೋದ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ. ಜಿಪಿಎ, ಅಂದರೆ ನಿಮ್ಮ ಪರವಾಗಿ ಬೇರೆಯವರೇ ವ್ಯವಹಾರ ಮಾಡುವ ಅಧಿಕಾರ ಪತ್ರ, ಅಂತ ಇದ್ದರಂತೂ ಮುಟ್ಟಲೇಬೇಡಿ. ಗುತ್ತಿಗೆಯಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಲೇಬೇಕು. ಫ್ಯಾನಿನ ಆಯಸ್ಸು 20, 25 ವರ್ಷ, ಆಮೇಲೆ ಕಂಬ, ಕಾಂಕ್ರೀಟ್ ಎಲ್ಲ ಯಾರು ಕಿತ್ತು ಕೊಡುತ್ತಾರೆ ಅಂತ ಅದರಲ್ಲೇ ಬರೆದಿರಬೇಕು. ಪಕ್ಕದ ಹೊಲದವರಿಗೂ ಹೇಳಿ, ಅವರದು ಸರ್ಕಾರ ಮಂಜೂರು ಮಾಡಿದ ಜಮೀನು, ಪರಿಶಿಷ್ಟರಿಗೆ ಕೊಟ್ಟ ಅಂಥ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಗುತ್ತಿಗೆಗೂ ಕೊಡುವ ಹಾಗಿಲ್ಲ.

ಆ ಕಾಗದ ಪೂರ್ತಿ ಇಂಗ್ಲಿಷಿನಲ್ಲಿದೆಯಂತೆ ಕಿರಣ, ಹದಿನೆಂಟು ಪುಟ. ಅಕ್ಕ ಇವತ್ತು ಸಂಜೆ ಒಂದೊಂದೇ ಪುಟ ಫೋಟೊ ತೆಗೆದು ಕಳಿಸುತ್ತಾಳೆ, ಗ್ರೂಪಿಗೆ ಬೇಡ, ನಿನ್ನ ನಂಬರಿಗೇ. ದಿನಾ ಆಫೀಸಿನಲ್ಲಿ ಅಗ್ರಿಮೆಂಟ್ ಓದುವವನು ನೀನು. ಭಾನುವಾರದೊಳಗೆ ಓದಿ, ಯಾವ ಪುಟದಲ್ಲಿ ಏನು ಬರೆದಿದ್ದಾರೆ ಅಂತ ಭಾವನಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳು.