ರಷ್ಯಾದ ಯುಫ್ಟ್ ಚರ್ಮವನ್ನು ಮತ್ತೆ ತಯಾರಿಸಿದ್ದು ಹೇಗೆ?

ಪ್ರಶ್ನೆ: ಪುಸ್ತಕಗಳ ರಟ್ಟು ಕಟ್ಟುವುದನ್ನು ಹವ್ಯಾಸವಾಗಿ ಕಲಿಯುತ್ತಿರುವ ನನಗೆ, ಹಿಂದೆ ಯುರೋಪಿನಲ್ಲೆಲ್ಲ ಹೆಸರಾಗಿದ್ದ, ಯುಫ್ಟ್ ಎಂದೂ ಕರೆಯುವ ರಷ್ಯನ್ ಚರ್ಮವು ಕಣ್ಮರೆಯಾದದ್ದು ಏಕೆ, ಈಗ ಫ್ರಾನ್ಸಿನ ಐಷಾರಾಮಿ ಚರ್ಮದ ಸರಕುಗಳ ಎರ್ಮೆಸ್ ಸಂಸ್ಥೆಯು ಮಾರುತ್ತಿರುವುದು ಅದೇ ಚರ್ಮವೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವಿಲೋ ಮುಂತಾದ ಮರಗಳ ತೊಗಟೆಯಲ್ಲಿ ಹದಗೊಳಿಸಿ, ಬರ್ಚ್ ತೊಗಟೆಯಿಂದ ಇಳಿಸಿದ ಎಣ್ಣೆಯನ್ನು ಊಡಿಸುತ್ತಿದ್ದುದರಿಂದ ಆ ಚರ್ಮಕ್ಕೆ ಹೊಗೆಯಂಥ ಪರಿಮಳವೂ ನೀರನ್ನೂ ಹುಳುಗಳನ್ನೂ ತಡೆಯುವ ಗುಣವೂ ಬಂದಿದ್ದವು. 1917ರ ಕ್ರಾಂತಿಯ ನಂತರ ಆ ಕಸುಬು ಕೈತಪ್ಪಿತು. ಸೇಂಟ್ ಪೀಟರ್ಸ್‌ಬರ್ಗಿನಿಂದ ಜಿನೋವಾಕ್ಕೆ ಹೊರಟಿದ್ದ ಮೆಟ್ಟಾ ಕ್ಯಾಥರಿನಾ ಹಡಗು 1786ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತ್ತು. 1973ರಲ್ಲಿ ಮುಳುಗುಗಾರರು ಅದನ್ನು ಪತ್ತೆಮಾಡಿದಾಗ ಕೆಸರಿನಲ್ಲಿ ಹೂತಿದ್ದ ಇದೇ ರಷ್ಯನ್ ಚರ್ಮದ ಕಟ್ಟುಗಳು ಸುಮಾರು ಎರಡು ಶತಮಾನ ಕಳೆದಿದ್ದರೂ ಬಳಸುವಂತೆಯೇ ಇದ್ದವು. ಲಂಡನ್ನಿನ ಜಾರ್ಜ್ ಕ್ಲೆವರ್ಲಿ ಅಂಗಡಿಯವರು ಅದರಿಂದ ಬೂಟುಗಳನ್ನೂ ಹೊಲಿದರು.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿಯಲ್ಲ, ಒಂದು ಸೇರ್ಪಡೆ. ಎರ್ಮೆಸ್ 2017ರಲ್ಲಿ 'ವೊಲಿಂಕಾ' ಎಂಬ ಹೆಸರಿನಲ್ಲಿ ತಂದದ್ದು ಸಮುದ್ರದಿಂದ ಎತ್ತಿದ ಚರ್ಮವಲ್ಲ, ಅದನ್ನು ಮಾದರಿಯಾಗಿಟ್ಟುಕೊಂಡು ಇಂಗ್ಲೆಂಡಿನಲ್ಲಿ ಹೊಸದಾಗಿ ಹದಗೊಳಿಸಿದ್ದು. ಆದ್ದರಿಂದ 'ಅದೇ ಚರ್ಮ' ಎನ್ನುವುದಕ್ಕಿಂತ 'ಅದೇ ಬಗೆಯ ಚರ್ಮ' ಎನ್ನುವುದು ನನ್ನ ಮಟ್ಟಿಗೆ ಸರಿ. (ನಮ್ಮಲ್ಲಿಯೂ ಆವರಿಕೆ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರಾದರೂ ಬರ್ಚ್ ಎಣ್ಣೆಯ ವಾಸನೆಯೇ ಬೇರೆ.)

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಹಳೆಯ ರಟ್ಟುಗಳ ಮೇಲೆ ಕಾಣುವ ವಜ್ರಾಕಾರದ ಗೆರೆಗಳು ಈ ಚರ್ಮದ ಸಹಜ ಲಕ್ಷಣವೇ?

ಉತ್ತರ 1: ಅಲ್ಲ, ಅವು ಒತ್ತಿ ಮೂಡಿಸಿದ ಗೆರೆಗಳು.