ತರಕಾರಿ ತೋಟಕ್ಕೆ ಸ್ವಯಂಸೇವಕರಾಗಿ ಹೋದವರು ಇದ್ದೀರಾ?

ಕೇಳಿದವರು, ಹಾಸನ:
ಆಲೂರು ಕಡೆ ಒಂದು ತೋಟದವರು ಹಂಗಾಮಿಗೆ ಮುಂಚೆಯೇ ಮನೆಗಳಿಂದ ದುಡ್ಡು ತಗೊಂಡು, ಬೆಳೆದದ್ದರಲ್ಲಿ ವಾರ ವಾರ ಪಾಲು ಕಳಿಸುತ್ತಾರೆ. ರಜೆ ದಿನ ಕೈಜೋಡಿಸುವವರು ಬೇಕಂತೆ. ನನಗೆ ಹೊಲದ ಕೆಲಸ ಗೊತ್ತಿಲ್ಲ. ಹೋದರೆ ಉಪಯೋಗವೋ, ಅವರಿಗೇ ತೊಂದರೆಯೋ?

ಹಾಸನದವರೇ ಇನ್ನೊಬ್ಬರು:
ಉಪಯೋಗ ಆಗುತ್ತೆ ಸರ್. ಆದರೆ ಗುದ್ದಲಿ ಹಿಡಿಯುವ ಕನಸು ಬೇಡ. ಅದಕ್ಕೆ ಆಳುಗಳಿದ್ದಾರೆ, ಅವರು ಒಂದು ಗಂಟೆಯಲ್ಲಿ ಮುಗಿಸುವುದು ನಮಗೆ ಅರ್ಧ ದಿನ. ಕೈ ಸಾಲದೆ ಬರುವುದು ಹಂಚುವ ಹಿಂದಿನ ಸಂಜೆ. ಸೊಪ್ಪು ಕಟ್ಟಬೇಕು, ಹುಳುಕು ಬದನೆ ಬೇರೆ ಮಾಡಬೇಕು, ತೂಗಬೇಕು, ಮನೆಗೊಂದು ಚೀಲ ತುಂಬಬೇಕು. ಸುಲಭ ಅನಿಸುತ್ತೆ ಅಲ್ವಾ? ಮೂವತ್ತು ಮನೆಗೆ ಆರು ಕೆಜಿ ಬೀನ್ಸ್ ಬಂದರೆ ತಲಾ ಇನ್ನೂರು ಗ್ರಾಂ. ಒಂದು ಮನೆಗೆ ಎಳೆಯದು, ಇನ್ನೊಂದಕ್ಕೆ ಬಲಿತದ್ದು ಹೋಗಬಾರದು. ಸೊಪ್ಪನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ಕಿಗೆ ತುರುಕಿದರೆ ಬೆಳಗ್ಗೆ ಲೋಳೆ. ನೀರು ಕೊಡವಿ, ನೆರಳಲ್ಲಿ ಹರಡಿ, ಆಮೇಲೆ ಪೇಪರಿನಲ್ಲಿ ಸುತ್ತಿ.

ಬೇಲೂರು ಕಡೆಯ ರೈತ ಮಹಿಳೆ:
ನಾನು ಬೆಳೆಯುವವಳು, ನಮ್ಮಲ್ಲಿಗೂ ಬರುತ್ತಾರೆ. ಬೀನ್ಸ್ ಬಿಡಿಸಿ ಅಂದರೆ ಬಳ್ಳಿಯನ್ನೇ ಎಳೆಯುತ್ತಾರೆ, ಹೂವೆಲ್ಲ ನೆಲಕ್ಕೆ! ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದು ಕೈಯಲ್ಲಿ ತೊಟ್ಟಿನ ಹತ್ತಿರ ಚಿವುಟಿ. ಕಳೆ ಕೀಳುವ ಮುಂಚೆ ಕ್ಯಾರೆಟ್ ಸಸಿ ಯಾವುದು ಅಂತ ಕೇಳಿಕೊಳ್ಳಿ. ನಗಬಹುದು, ನಗಲಿ ಬಿಡಿ. ಬರ್ತೀನಿ ಅಂದ ದಿನ ಮಾತ್ರ ತಪ್ಪಿಸಬೇಡಿ. ನಿಮ್ಮನ್ನು ನಂಬಿ ಆಳಿಗೆ ಬೇಡ ಅಂದಿರುತ್ತೇವೆ. ತಿಂಗಳಿಗೊಮ್ಮೆ ಆದರೂ ಸಾಕು. ಫೋಟೊ ಎಲ್ಲ ಊಟ ಆದಮೇಲೆ.

ಚಿಕ್ಕಮಗಳೂರಿನವರು, ಇಂಥದ್ದೇ ತೋಟದಲ್ಲಿ ಪಾಲು ಇರುವವರು:
ಸೇರುವ ಮುಂಚೆ ಒಂದು ಮಾತು ಕೇಳಿ. ಬೆಳೆ ಹೋದರೆ ನಷ್ಟ ಯಾರದು? ಜಪಾನಿನಲ್ಲಿ 1970ರ ದಶಕದಲ್ಲೇ ಮನೆಯವರು, ರೈತರು ನೇರ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಇದು 1986ರಲ್ಲಿ ಶುರುವಾಯಿತು. ಫಸಲಿನ ಜೊತೆ ನಷ್ಟವನ್ನೂ ಹಂಚಿಕೊಳ್ಳುವುದೇ ಇದರ ಲೆಕ್ಕ. ನಿಮ್ಮ ಹಾಸನದ ಆಲೂಗಡ್ಡೆಯನ್ನೇ ನೋಡಿ. ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತರಿಸಿ ಹಾಕಿರುತ್ತಾರೆ. ಮೋಡ ಮುಸುಕಿ ಸೋನೆ ಹಿಡಿದರೆ ಅಂಗಮಾರಿ ರೋಗ, ಕೆಲವೇ ದಿನದಲ್ಲಿ ಹೊಲ ಕಪ್ಪು. ಆಗ ಗ್ರೂಪಿನಲ್ಲಿ "ದುಡ್ಡು ಕೊಟ್ಟಿದ್ದೀವಲ್ಲ, ಎಲ್ಲಿ ಆಲೂಗಡ್ಡೆ?" ಅಂತ ಮೆಸೇಜ್ ಶುರು. ಹೊಲ ಕಣ್ಣಾರೆ ನೋಡಿದ ನಿಮ್ಮಂಥವರು ಉತ್ತರ ಕೊಟ್ಟರೆ ಜನ ಕೇಳುತ್ತಾರೆ, ರೈತ ಹೇಳಿದರೆ ನೆಪ ಅಂದುಕೊಳ್ಳುತ್ತಾರೆ. ಬೇಜಾರಿನ ಸಂಗತಿ, ಆದರೆ ನಿಜ. ನನ್ನ ಪ್ರಕಾರ ಕಳೆ ಕೀಳುವುದಕ್ಕಿಂತ ಇದೇ ದೊಡ್ಡ ಸಹಾಯ.

ಕೇಳಿದವರು:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಪ್ಯಾಕಿಂಗ್ ದಿನವೇ ಹೋಗ್ತೀನಿ. ಜಿಗಣೆ ಕಾಟ ಇದೆಯಾ?

ಬೇಲೂರು ಕಡೆಯ ರೈತ ಮಹಿಳೆ:
ಮಳೆಗಾಲ ಅಂದಮೇಲೆ ಇಲ್ಲದೆ ಇರುತ್ತಾ? ಉದ್ದ ಕಾಲುಚೀಲ ಹಾಕಿಕೊಳ್ಳಿ. ಕಚ್ಚಿದರೆ ಎಳೆಯಬೇಡಿ, ಬಾಯಿಯ ಕಡೆ ಉಗುರಿನಿಂದ ಸರಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಗಾಬರಿ ಬೇಡ. ಪ್ಯಾಕಿಂಗ್ ಮುಗಿಯುವಾಗ ಕತ್ತಲಾಗುತ್ತೆ, ವಾಪಸ್ ಬಸ್ಸಿನ ಟೈಮು ಮೊದಲೇ ಕೇಳಿಟ್ಟುಕೊಳ್ಳಿ.