ಗೆನ್ಶಿನ್‌ನಲ್ಲಿ ಎಆರ್ 24, ಮುಂದೆ ಹೇಗೆ ಏರುವುದು? ಆಡಿದವರು ಅನುಭವ ಹೇಳಿ

ಹೊಸಬ ಮಂಡ್ಯ:
ಎಲ್ಲರಿಗೂ ನಮಸ್ಕಾರ. ಗೆನ್ಶಿನ್ ಇಂಪ್ಯಾಕ್ಟ್ ಶುರು ಮಾಡಿ ಸ್ವಲ್ಪ ದಿನ ಆಯಿತು. ಫೋನಲ್ಲೇ ಆಡುವುದು. ದಿನಕ್ಕೆ ಒಂದು ಗಂಟೆ ಸಿಕ್ಕರೆ ಜಾಸ್ತಿ. ಈಗ ಅಡ್ವೆಂಚರ್ ರ್ಯಾಂಕ್ (ಎಆರ್, ಆಟಗಾರನ ಒಟ್ಟು ದರ್ಜೆ) 24. 25ಕ್ಕೆ ಅಸೆನ್ಷನ್ ಕ್ವೆಸ್ಟ್, ಅಂದರೆ ದರ್ಜೆ ದಾಟಿಸುವ ಪರೀಕ್ಷೆ, ಬರುತ್ತದಂತೆ, ಅದನ್ನು ಮುಗಿಸಿದರೆ ವರ್ಲ್ಡ್ ಲೆವೆಲ್ ಏರಿ ಶತ್ರುಗಳು ಗಟ್ಟಿಯಾಗುತ್ತಾರಂತೆ. ಮುಗಿಸಲೋ, ತಡೆದು ನಿಲ್ಲಲೋ? ಆಂಬರ್, ಕೇಯಾ, ಲೀಸಾ, ನೊಯೆಲ್, ಶಿಯಾಂಗ್ಲಿಂಗ್, ಕುಕಿ ಶಿನೋಬು, ಈ ಪಾತ್ರಗಳಿವೆ. ಎಲ್ಲರನ್ನೂ ಸಮನಾಗಿ ಲೆವೆಲ್ 30ರ ಹತ್ತಿರ ಇಟ್ಟಿದ್ದೇನೆ. ಬಹುಮಾನ ತೆಗೆಯಲು ಖರ್ಚಾಗುವ ಶಕ್ತಿಯೇ ರೆಸಿನ್; ಅದನ್ನು ತುಂಬಿಸುವ ಫ್ರಜೈಲ್ ರೆಸಿನ್ 15 ಸೇರಿದೆ, ಈಗಲೇ ಬಳಸಬಹುದಾ?

ರಾತ್ರಿಪಾಳಿ:
ತಮ್ಮಾ, ಕ್ವೆಸ್ಟ್ ಬಂದ ದಿನವೇ ಮುಗಿಸು. ನಾನು 2020ರ ಸೆಪ್ಟೆಂಬರ್‌ನಲ್ಲಿ ಆಟ ಬಿಡುಗಡೆಯಾದಾಗಿನಿಂದ ಇದ್ದೇನೆ. ಆಗ ರೆಸಿನ್ ಮಿತಿ 120. ಆಮೇಲೆ 160 ಆಯಿತು. 2024ರ ಜೂನ್‌ನಲ್ಲಿ 4.7 ವರ್ಷನ್ ಬಂದಾಗ 200 ಮಾಡಿದರು. ಈಗಿನವರು 200 ಇಟ್ಟುಕೊಂಡೂ ಸಾಲದು ಅಂತ ಅಳುತ್ತಾರೆ. ಎಂಟು ನಿಮಿಷಕ್ಕೆ ಒಂದು ರೆಸಿನ್, ದಿನಕ್ಕೆ 180. ಅದು ಅಂದಿಗೂ ಅಷ್ಟೇ, ಇಂದಿಗೂ ಅಷ್ಟೇ. 120 ಇದ್ದ ಕಾಲದಲ್ಲಿ ತುಂಬುವುದಕ್ಕೆ ಬರೀ 16 ಗಂಟೆ. ಡ್ಯೂಟಿಗೆ ಹೋಗಿ, ಬಂದು, ಮಲಗಿ ಎದ್ದರೆ ತುಂಬಿ ಸೋರುತ್ತಿತ್ತು. ನಾನು ಊಟದ ಬ್ರೇಕ್‌ನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಲೇ ಲೈನ್ (ರೆಸಿನ್ ಕೊಟ್ಟು ಎಕ್ಸ್‌ಪಿ ಪುಸ್ತಕ, ಆಟದ ದುಡ್ಡು ಗಳಿಸುವ ಕಾಳಗ) ಹೊಡೆಯುತ್ತಿದ್ದೆ. ಲಿಫ್ಟ್ ಹತ್ತಿರ ಸಿಗ್ನಲ್ ಇರುತ್ತಿರಲಿಲ್ಲ. ಬಾಸ್ ಸಾಯುವ ಹೊತ್ತಿಗೆ ಕನೆಕ್ಷನ್ ಹೋಗಿ ಮತ್ತೆ ಮೊದಲಿಂದ.

ಅಷ್ಟು ಕಷ್ಟಪಟ್ಟು ಎಆರ್ 45 ಮುಟ್ಟಿದವನು ನಾನು. 45ಕ್ಕೆ ಯಾಕೆ ಓಡಬೇಕು ಅಂದರೆ, ಅಲ್ಲಿಂದ ಆರ್ಟಿಫ್ಯಾಕ್ಟ್ (ಪಾತ್ರದ ಬಲ ಹೆಚ್ಚಿಸಲು ತೊಡಿಸುವ ಸಾಮಾನು) ಸಿಗುವ ಡೊಮೇನ್ ಅನ್ನುವ ಅಖಾಡದಲ್ಲಿ ಪ್ರತಿ ಸಲ ಒಂದಾದರೂ ಐದು ಸ್ಟಾರ್ ಗ್ಯಾರಂಟಿ. ಅದಕ್ಕೆ ಮುಂಚೆ ಆರ್ಟಿಫ್ಯಾಕ್ಟ್‌ಗೆ ರೆಸಿನ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫ್ರಜೈಲ್ ಮುಟ್ಟಬೇಡ. ಒಂದೊಂದು 60 ರೆಸಿನ್. ಎಲ್ಲಾ 45ಕ್ಕೆ ಇಡು.

ಅಮ್ಮನ ಅಕೌಂಟ್:
ಓಡು ಓಡು ಅನ್ನುವವರು ಓಡಿ ಬಿದ್ದವರನ್ನು ಎತ್ತುವುದಿಲ್ಲ. ಈ ಅಕೌಂಟ್ ನನ್ನ ಮಗನದು. ಅವನು ಹೀಗೇ ಓಡಿಸಿ ವರ್ಲ್ಡ್ ಲೆವೆಲ್ 4ಕ್ಕೆ ಏರಿಸಿ, ಹಾಸ್ಟೆಲ್‌ಗೆ ಹೋದ. ನನಗೆ ಬಿಟ್ಟು ಹೋಗಿದ್ದು ಒಬ್ಬಳೇ ಲೆವೆಲ್ 60ರ ಕೇಚಿಂಗ್, ಉಳಿದವರೆಲ್ಲ 20. ಒಂದು ಹಿಲಿಚುರ್ಲ್ ಗುಂಪು ಬಂದರೆ ನಾನು ಬೆಟ್ಟ ಹತ್ತಿ ನಿಲ್ಲುತ್ತಿದ್ದೆ. ದಿನಕ್ಕೆ ಆಟ ಕೊಡುವ ನಾಲ್ಕು ಚಿಕ್ಕ ಕೆಲಸ, ಕಮಿಷನ್, ಅದರಲ್ಲಿ ಎರಡು ಮುಗಿಯುತ್ತಿರಲಿಲ್ಲ.

ನಾನೇ ಕೂತು ಸರಿ ಮಾಡಿದೆ. ಅಸೆನ್ಷನ್ ಕ್ವೆಸ್ಟ್ ಬಂದರೆ ಮುಗಿಸದೇ ಇಟ್ಟೆ. ನೀವು ನಿಂತರೂ ಎಆರ್ ಎಕ್ಸ್‌ಪಿ ಎಲ್ಲೂ ಹೋಗುವುದಿಲ್ಲ, ಹಿಂದೆ ಶೇಖರವಾಗುತ್ತಾ ಇರುತ್ತದೆ. ಕ್ವೆಸ್ಟ್ ಮುಗಿಸಿದ ತಕ್ಷಣ ಒಟ್ಟಿಗೆ ಸೇರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ ನೋಡಿ. ಆ ಹೊತ್ತಲ್ಲಿ ನಾನು ಮೊಂಡ್‌ಸ್ಟಾಟ್ ಪ್ರಾಂತ್ಯದಲ್ಲಿ ಅಡಗಿದ ಅನೆಮೋಕ್ಯುಲಸ್ ಮಣಿ 66 ಕೂಡ ಹುಡುಕಿ ಪ್ರತಿಮೆಗೆ ಕೊಟ್ಟೆ. ಲಿಯುವೆ ಪ್ರಾಂತ್ಯದ ಮಣಿ 131. ಒಂದು ತಪ್ಪಿಲ್ಲ. ಸ್ಟ್ಯಾಮಿನಾ 100ರಿಂದ 240 ಆಯಿತು. ಈಗ ಮಗ ರಜೆಗೆ ಬಂದರೆ ನನ್ನ ಫೋನು ಕೇಳುತ್ತಾನೆ. ಕೊಡುವುದಿಲ್ಲ.

ರಾತ್ರಿಪಾಳಿ:
ಮೇಡಂ, ಕ್ಷಮಿಸಿ, ವರ್ಲ್ಡ್ ಲೆವೆಲ್ ಕೆಳಗಿಟ್ಟು ಕೂತರೆ ಬಾಸ್ ಕೊಡುವ ಸಾಮಾನು ಕಡಿಮೆ. 40 ರೆಸಿನ್ ಅದೇ ಖರ್ಚು, ಬರುವುದು ಮಾತ್ರ ಕಮ್ಮಿ. ಒಂದೊಂದು ದಿನವೂ ನಷ್ಟ.

ಅಮ್ಮನ ಅಕೌಂಟ್:
ನಿಮ್ಮ ಲಾಭ ನೀವೇ ಇಟ್ಟುಕೊಳ್ಳಿ ಸರ್. ಬಾಸ್ ಸತ್ತರೆ ತಾನೇ ಸಾಮಾನು?

ಲೆಕ್ಕದ ಪುಸ್ತಕ:
ಇಬ್ಬರೂ ಬೇರೆ ಏನೋ ಮಾತಾಡುತ್ತಿದ್ದೀರಿ. ಎಆರ್ ತಾನಾಗಿ ಏರುತ್ತದೆ. ಕೈ ಸುಡುವುದು ಪಾತ್ರಗಳ ಲೆವೆಲ್‌ನಲ್ಲಿ. ನಾನು ಎಲ್ಲಾ ಒಂದು ಶೀಟ್‌ನಲ್ಲಿ ಹಾಕಿದ್ದೇನೆ, ಇಲ್ಲಿ ಬರೀತೀನಿ, ಓದಿಕೊಳ್ಳಿ.

ಒಂದು ಪಾತ್ರವನ್ನು ಲೆವೆಲ್ 1ರಿಂದ 90ಕ್ಕೆ ಒಯ್ಯಲು ಒಟ್ಟು ಎಕ್ಸ್‌ಪಿ 83,62,650. ಹೀರೋಸ್ ವಿಟ್ ಅನ್ನುವ ಪುಸ್ತಕ ಒಂದಕ್ಕೆ 20,000. ಅಂದರೆ 419 ಪುಸ್ತಕ. ಪುಸ್ತಕಕ್ಕೆ 4,000 ಮೋರಾ (ಆಟದ ದುಡ್ಡು) ಬೇರೆ, ಹತ್ತಿರ ಹತ್ತಿರ 16.7 ಲಕ್ಷ. ಪಾತ್ರದ ಅಸೆನ್ಷನ್‌ಗೆ (ಲೆವೆಲ್ ಮಿತಿ ಏರಿಸಲು) ಇನ್ನೂ 4.2 ಲಕ್ಷ. ಇಲ್ಲಿವರೆಗೆ ಸರಿ. ಈಗ ಬರೀ 80ರಿಂದ 90 ನೋಡಿ: 34,23,125 ಎಕ್ಸ್‌ಪಿ. ಅಂದರೆ ಕೊನೆಯ ಹತ್ತು ಲೆವೆಲ್ ಒಟ್ಟು ಖರ್ಚಿನ ನೂರಕ್ಕೆ 41 ಪಾಲು ತಿನ್ನುತ್ತದೆ. 171 ಪುಸ್ತಕ ಮುಗಿದು ಮೇಲೆ ಇನ್ನೂ ಚೂರು, ಮೋರಾ 6.84 ಲಕ್ಷ. ಮೂರು ದಿನದ ರೆಸಿನ್ ಪೂರ್ತಿ ಪುಸ್ತಕ ಕೊಡುವ ನೀಲಿ ಲೇ ಲೈನ್‌ಗೇ ಹೋಗುತ್ತದೆ. ಹಳದಿ ಲೇ ಲೈನ್‌ನಲ್ಲಿ ಮೋರಾ ಸೇರಿಸುವುದು ಬೇರೆ. ಅದು ದೊಡ್ಡ ವರ್ಲ್ಡ್ ಲೆವೆಲ್‌ನಲ್ಲಿ 20 ರೆಸಿನ್‌ಗೆ 60,000.

ಪಾತ್ರದ ಟ್ಯಾಲೆಂಟ್ (ದಾಳಿಯ ಕೌಶಲ) ಒಂದನ್ನು 10ಕ್ಕೆ ಒಯ್ಯಲು 16,52,500 ಮೋರಾ. ಐದು ಸ್ಟಾರ್ ಆರ್ಟಿಫ್ಯಾಕ್ಟ್ ಒಂದನ್ನು +20 ಮಾಡಲು 2,70,475, ಐದು ಸೇರಿದರೆ 13.5 ಲಕ್ಷ. ಈ ಲೆಕ್ಕ ನೋಡಿಯೇ ನಾನು ಯಾರನ್ನೂ 80 ದಾಟಿಸಿಲ್ಲ. ಆರಾಮಾಗಿದ್ದೇನೆ.

ತುಂಗಾತೀರ:
ಲೆಕ್ಕದ ಪುಸ್ತಕ ಅವರೇ, ನಿಮ್ಮ ಶೀಟ್‌ನಲ್ಲಿ ಹೈಪರ್‌ಬ್ಲೂಮ್ ಅಂತ ಒಂದು ಕಾಲಂ ಇಲ್ಲವಾ? ನೀರು, ಗಿಡ, ಮಿಂಚು ಶಕ್ತಿ ಸೇರಿ ಆಗುವ ಆ ರಿಯಾಕ್ಷನ್ ನಿಂತಿರುವುದೇ ಅದನ್ನು ಹುಟ್ಟಿಸುವ ಪಾತ್ರದ ಲೆವೆಲ್ ಮತ್ತು ಎಲಿಮೆಂಟಲ್ ಮಾಸ್ಟರಿ (ರಿಯಾಕ್ಷನ್ ಬಲ ಹೆಚ್ಚಿಸುವ ಅಂಕಿ) ಮೇಲೆ. ಕ್ರಿಟ್ ಬೇಡ, ಅಟ್ಯಾಕ್ ಬೇಡ. 80ರಲ್ಲಿ ಮೂಲ ಅಂಕಿ 1077, 90ರಲ್ಲಿ 1446. ಹತ್ತು ಲೆವೆಲ್‌ಗೆ ನೂರಕ್ಕೆ 34ರಷ್ಟು ಏಟು ಜಾಸ್ತಿ. ಆ 171 ಪುಸ್ತಕಕ್ಕೆ ಇದಕ್ಕಿಂತ ಒಳ್ಳೆ ಬೆಲೆ ಎಲ್ಲಿ ಸಿಗುತ್ತದೆ? ಯಾರು ರಿಯಾಕ್ಷನ್ ಹುಟ್ಟಿಸುತ್ತಾರೋ ಅವರನ್ನು 90 ಮಾಡಬೇಕು. ಉಳಿದವರು 60, 70ರಲ್ಲಿ ಇದ್ದರೂ ನಡೆಯುತ್ತದೆ.

ನನ್ನ ಕತೆ ಬೇರೆ. ನನಗೆ ಮೊದಲು ಬಂದ ಐದು ಸ್ಟಾರ್ ಯೂಲಾ. ಅವಳದು ಫಿಸಿಕಲ್ ಡ್ಯಾಮೇಜ್, ಬೆಂಕಿ ಮಿಂಚು ಯಾವುದೂ ಇಲ್ಲದ ಬರೀ ಕತ್ತಿ ಏಟು. ಅವಳಿಗಾಗಿ ಗೋಬ್ಲೆಟ್ (ಒಂದು ಬಗೆಯ ಆರ್ಟಿಫ್ಯಾಕ್ಟ್) ಹುಡುಕಿ ಹುಡುಕಿ ಸಾಕಾಯಿತು. ಫಿಸಿಕಲ್ ಗೋಬ್ಲೆಟ್ ಸಿಕ್ಕಿತು ಅಂತ ಖುಷಿಯಲ್ಲಿ +20 ಮಾಡಿದರೆ ನಾಲ್ಕು ನಾಲ್ಕು ಲೆವೆಲ್‌ಗೂ ಡಿಫೆನ್ಸೇ ಏರಿತು. ಹೋಗಲಿ ಅಂತ ಬೆನೆಟ್‌ನ ಜೊತೆ ಹಾಕಿ ಆಡುತ್ತಿದ್ದೆ. ಚೆನ್ನಾಗಿತ್ತು. ಅಷ್ಟರಲ್ಲಿ ಇಂಥದ್ದೇ ಒಂದು ಚರ್ಚೆಯಲ್ಲಿ ಒಬ್ಬ ಮಹಾನುಭಾವ "ಬೆನೆಟ್ ಸಿ6 ಕಣ್ಣು ಮುಚ್ಚಿಕೊಂಡು ತೆರೆಯಿರಿ, 15 ಪರ್ಸೆಂಟ್ ಪೈರೋ ಬೋನಸ್" ಅಂದ. ಸಿ6 ಅಂದರೆ ಅದೇ ಪಾತ್ರ ಮತ್ತೆ ಮತ್ತೆ ಸಿಕ್ಕಾಗ ತೆರೆಯುವ ಆರನೇ ಹಂತ, ಪೈರೋ ಅಂದರೆ ಬೆಂಕಿ. ತೆರೆದ ಮೇಲೆ ಬೆನೆಟ್‌ನ ಬರ್ಸ್ಟ್ (ದೊಡ್ಡ ಕೌಶಲ) ಒಳಗೆ ನಿಂತರೆ ಯೂಲಾಳ ಕತ್ತಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಫಿಸಿಕಲ್ ಎಲ್ಲಾ ಪೈರೋ ಆಗಿ ಹೋಯಿತು. ವಾಪಸ್ ಮಾಡುವ ಬಟನ್ ಇಲ್ಲ. ಸಪೋರ್ಟ್‌ಗೆ ಮೇಲ್ ಹಾಕಿದರೂ ಆಗಲ್ಲ ಅಂದರು. ಆ ಮನುಷ್ಯ ಎಲ್ಲಿದ್ದಾನೋ ಈಗ.

ರಾತ್ರಿಪಾಳಿ:
ಇಲ್ಲೇ ಇದ್ದೇನೆ. ಬರೆದವನು ನಾನೇ, ಈಗಲೂ ಅದನ್ನೇ ಹೇಳುತ್ತೇನೆ. ಶಿಯಾಂಗ್ಲಿಂಗ್ ಆಡುವವರಿಗೆ ಸಿ6 ಬೇಕೇ ಬೇಕು. ನೀವು ಯೂಲಾ ಆಡುತ್ತೀರಿ ಅಂತ ನನಗೆ ಕನಸು ಬಿದ್ದಿತ್ತಾ? ಯಾವ ಆಯುಧಕ್ಕೆ ಬೆಂಕಿ ಹತ್ತುತ್ತದೆ ಅಂತ ಕೆಳಗೆ ಬರೆದಿರುತ್ತದೆ, ಸ್ವೋರ್ಡ್, ಕ್ಲೇಮೋರ್, ಪೋಲಾರ್ಮ್ ಅಂತ. ಓದಬೇಕಿತ್ತು.

ತುಂಗಾತೀರ:
"ಕಣ್ಣು ಮುಚ್ಚಿಕೊಂಡು" ಅಂದವರು ಈಗ "ಓದಬೇಕಿತ್ತು" ಅನ್ನುತ್ತಾರೆ. ಚೆನ್ನಾಗಿದೆ ಗುರೂ.

ಬೆಣ್ಣೆದೋಸೆ:
ಜಗಳ ಆಮೇಲೆ ಆಡಿ. ಫೋನಲ್ಲಿ ಆಡುವವರ ಕಷ್ಟ ಯಾರಿಗೂ ಗೊತ್ತಿಲ್ಲ ಇಲ್ಲಿ. ಆಟವೇ 20 ಜಿಬಿ ದಾಟುತ್ತದೆ. ನನ್ನದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಆರು ವಾರಕ್ಕೊಂದು ಹೊಸ ವರ್ಷನ್ ಬರುತ್ತದೆ. ಅಪ್‌ಡೇಟ್ ದಿನ ನಾನು ಅಕ್ಕನ ಮನೆಗೆ ಹೋಗುತ್ತೇನೆ, ಅವರ ಮನೆಯಲ್ಲಿ ವೈಫೈ ಇದೆ. ಭಾವ ಬಾಗಿಲು ತೆಗೆದವರೇ "ಏನಪ್ಪಾ, ಅಪ್‌ಡೇಟಾ?" ಅಂತ ಕೇಳುತ್ತಾರೆ. ಕಾಫಿ ಕೊಡುತ್ತಾರೆ, ಅದಿರಲಿ.

ನಾನು ಕಂಡುಕೊಂಡಿದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಮುಗಿದ ಕ್ವೆಸ್ಟ್‌ಗಳ ಫೈಲ್ ಅಳಿಸುವ ಜಾಗ ಇದೆ, ಅಳಿಸಿ. ಬೇಡದ ವಾಯ್ಸ್ ಭಾಷೆ ಅಳಿಸಿ. ನಮ್ಮ ಯಾವ ಭಾಷೆಯೂ ಅಲ್ಲಿ ಇಲ್ಲವಲ್ಲ, ಜಪಾನಿ ಆದರೇನು ಇಂಗ್ಲಿಷ್ ಆದರೇನು, ಒಂದು ಇದ್ದರೆ ಸಾಕು. 60 ಎಫ್‌ಪಿಎಸ್ ಆಸೆ ಬಿಡಿ. ಫೋನು ಇಡ್ಲಿ ಪಾತ್ರೆ ತರಹ ಬಿಸಿಯಾದಾಗ ಡಾಡ್ಜ್ ಬಟನ್ ಒತ್ತಿದರೂ ಹೋಗುವುದಿಲ್ಲ. ನನ್ನ ಪಾತ್ರಗಳು ಸಾಯುವುದು ಲೆವೆಲ್ ಕಡಿಮೆ ಅಂತಲ್ಲ, ಫೋನು ಬಿಸಿ ಅಂತ.

ಜರ್ಮನಿ ಕನ್ನಡಿಗ:
ಸರ್ವರ್ ಯಾವುದು ಅಂತ ಯಾರೂ ಕೇಳಲೇ ಇಲ್ಲ! ನಾನು ಇಲ್ಲಿಗೆ ಬಂದ ಮೇಲೆ ಯುರೋಪ್ ಸರ್ವರ್‌ನಲ್ಲಿ ಮೊದಲಿಂದ ಶುರು ಮಾಡಿದೆ. ಒಂದರಲ್ಲಿ ಏರಿಸಿದ್ದು ಇನ್ನೊಂದಕ್ಕೆ ಬರುವುದಿಲ್ಲ, ಕೋಆಪ್ (ಒಟ್ಟಿಗೆ ಆಡುವುದು) ಕೂಡ ಆಗುವುದಿಲ್ಲ. ಏಷ್ಯಾದಲ್ಲಿ ಏರಿಸಿದ್ದೆಲ್ಲ ಅಲ್ಲೇ ಉಳಿಯಿತು. ಆದರೆ ಖುಷಿಯಾಗಿದ್ದೇನೆ. ಊರಲ್ಲಿರುವವರಿಗೂ ಯುರೋಪೇ ಒಳ್ಳೆಯದು ಅಂತ ನನ್ನ ವಾದ. ಏಷ್ಯಾದಲ್ಲಿ ದಿನ ಬದಲಾಗುವುದು ಭಾರತದ ಟೈಮ್ ರಾತ್ರಿ ಒಂದೂವರೆಗೆ. ಯುರೋಪ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ. ತಿಂಡಿ ತಿನ್ನುತ್ತಾ ಹೊಸ ಕಮಿಷನ್ ಮಾಡಬಹುದು.

ರಾತ್ರಿಪಾಳಿ:
ಮಂಡ್ಯದಲ್ಲಿ ಕೂತು ಯುರೋಪ್‌ಗೆ ಕನೆಕ್ಟ್ ಆದರೆ ತಡವಿಲ್ಲದ ಪಿಂಗ್ ಯಾರು ಕೊಡುತ್ತಾರೆ, ನೀವಾ? ಒಂದೂವರೆ ನನಗೆ ಹಬ್ಬ. ಮಂಗಳವಾರ, ಶುಕ್ರವಾರ ಶಿಯಾಂಗ್ಲಿಂಗ್, ಬೆನೆಟ್ ಇಬ್ಬರ ಟ್ಯಾಲೆಂಟ್ ಪುಸ್ತಕದ ಡೊಮೇನ್ ತೆರೆದಿರುತ್ತದೆ. ಮಂಗಳವಾರ ರಾತ್ರಿ ಹನ್ನೆರಡು ದಾಟಿ ಬುಧವಾರ ಒಂದು ಗಂಟೆಯಾದರೂ ಆಟದೊಳಗೆ ಇನ್ನೂ ಮಂಗಳವಾರವೇ. ಡ್ಯೂಟಿ ಮಧ್ಯೆ ಎದ್ದು ಹೋಗಿ ಮುಗಿಸುತ್ತೇನೆ.

ಜರ್ಮನಿ ಕನ್ನಡಿಗ:
ರಾತ್ರಿ ಒಂದು ಗಂಟೆ ಅಂದರೆ ಎಲ್ಲರೂ ಎದ್ದಿರುತ್ತಾರೆ ಅಂದುಕೊಂಡಿದ್ದೀರಾ? ನಿಮ್ಮ ಪಾಳಿ ಲೋಕದ ಪಾಳಿ ಅಲ್ಲ ಸ್ವಾಮಿ.

ಅಮ್ಮನ ಅಕೌಂಟ್:
ಸರಿಯಾಗಿ ಹೇಳಿದಿರಿ. ನಾನು ಹತ್ತಕ್ಕೆ ಮಲಗುತ್ತೇನೆ. ರೆಸಿನ್ ಉಳಿದರೆ ಆಮೇಲೆ ಬಳಸಲು ಕಂಡೆನ್ಸ್ಡ್ ರೆಸಿನ್ ಮಾಡಿ ಇಡುತ್ತೇನೆ. ಒಂದಕ್ಕೆ 40 ರೆಸಿನ್, ಒಂದು ಕ್ರಿಸ್ಟಲ್ ಕೋರ್, 100 ಮೋರಾ. ಐದು ಇಟ್ಟುಕೊಳ್ಳಬಹುದು. ಕೋರ್‌ಗೆ ಕ್ರಿಸ್ಟಲ್‌ಫ್ಲೈ ಹಿಡಿಯಬೇಕು, ಓಡಿ ಹೋದರೆ ಹಾರಿಬಿಡುತ್ತವೆ. ಇಷ್ಟು ಪ್ಲಾನ್ ಮಾಡಿದರೆ ರಾತ್ರಿ ಎದ್ದಿರುವ ಕೆಲಸವೇ ಇಲ್ಲ.

ಹೊಸಬ ಮಂಡ್ಯ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಹತ್ತಿರ ಬೆನೆಟ್ ಇಲ್ಲವೇ ಇಲ್ಲ. ಯೂಲಾನೂ ಇಲ್ಲ. ಕ್ವೆಸ್ಟ್ ಮುಗಿಸಲೋ ಬೇಡವೋ?

ತುಂಗಾತೀರ:
ಇದ್ದರೆ ಸಿ5ಕ್ಕೇ ನಿಲ್ಲಿಸು ತಮ್ಮಾ. ಇಲ್ಲದಿದ್ದರೆ ಅದೃಷ್ಟವಂತ. ಮಿಂಚಿನ ಶಕ್ತಿಯ ಕುಕಿ ಇದ್ದಾಳಲ್ಲ, ನೊಯೆಲ್, ಆಂಬರ್ ಎಲ್ಲರಿಗೂ ಹಂಚುವುದು ಬಿಟ್ಟು ಅವಳಿಗೆ ಹಾಕು. ಮೈಮೇಲೆಲ್ಲ ಎಲಿಮೆಂಟಲ್ ಮಾಸ್ಟರಿ. ಸುಮೇರು ಪ್ರಾಂತ್ಯಕ್ಕೆ ಕ್ವೆಸ್ಟ್ ಕಾಯದೆ ಲಿಯುವೆಯ ಚ್ಯಾಸ್ಮ್ ಕಡೆಯಿಂದ ನಡೆದೇ ಹೋಗಬಹುದು. ಅಲ್ಲಿ ಪ್ರತಿಮೆ ಮುಟ್ಟಿದರೆ ಟ್ರಾವೆಲರ್ (ಆಟದ ನಾಯಕ) ಡೆಂಡ್ರೋ, ಅಂದರೆ ಗಿಡದ ಶಕ್ತಿಯವನು, ಆಗುತ್ತಾನೆ. ಒಬ್ಬ ಹೈಡ್ರೋ (ನೀರಿನ ಶಕ್ತಿಯವನು) ಸೇರಿಸು, ಹೈಪರ್‌ಬ್ಲೂಮ್ ಆಯಿತು. ಇಬ್ಬರು 40 ಮುಟ್ಟಿದ ಮೇಲೆ ಕ್ವೆಸ್ಟ್ ಮಾಡು.

ಲೆಕ್ಕದ ಪುಸ್ತಕ:
ಹೈಡ್ರೋ ಎಲ್ಲಿಂದ ತರುತ್ತಾನೆ? ಅಂಗಡಿಯಲ್ಲಿ ತಿಂಗಳಿಗೆ ಇಬ್ಬರು ನಾಲ್ಕು ಸ್ಟಾರ್ ಪಾತ್ರಗಳು ಬರುತ್ತಾರೆ, ಒಬ್ಬರಿಗೆ 34 ಸ್ಟಾರ್‌ಗ್ಲಿಟರ್ (ವಿಶ್ ಮಾಡಿದಾಗ ಸಿಗುವ ನಾಣ್ಯ). ಹೈಡ್ರೋ ಪಾತ್ರ ಶಿಂಗ್‌ಚ್ಯೂ ಬರುವ ತಿಂಗಳಿಗೆ ಕೂಡಿಡಲಿ. ಸ್ಟಾರ್‌ಗ್ಲಿಟರ್ ಕೊಟ್ಟು ವಿಶ್ (ಪಾತ್ರಕ್ಕಾಗಿ ಎತ್ತುವ ಲಾಟರಿ ಚೀಟಿ) ಕೊಳ್ಳಬಾರದು.

ಬೆಣ್ಣೆದೋಸೆ:
ಯಾಕೆ ಕೊಳ್ಳಬಾರದು? ಐದಕ್ಕೆ ಒಂದು ವಿಶ್. 34 ಅಂದರೆ ಹೆಚ್ಚು ಕಡಿಮೆ ಏಳು ವಿಶ್. ನನ್ನ ಐದು ಸ್ಟಾರ್ ಪಾತ್ರ ರೈಡನ್ ಬಂದಿದ್ದು ಅಂಥ ವಿಶ್‌ನಲ್ಲೇ.

ಲೆಕ್ಕದ ಪುಸ್ತಕ:
ಏಳು ವಿಶ್‌ನಲ್ಲಿ ಬಂದಳಾ, ಅದಕ್ಕೆ ಮುಂಚೆ ಪಿಟಿ (ಐದು ಸ್ಟಾರ್ ಬಾರದೆ ಹೋದ ವಿಶ್‌ಗಳ ಎಣಿಕೆ) ಎಷ್ಟು ತುಂಬಿತ್ತು ಅಂತ ಹೇಳಿ. 74 ದಾಟಿದ ಮೇಲೆ ಯಾರಿಗಾದರೂ ಬರುತ್ತದೆ. 90ಕ್ಕೆ ಹೇಗೂ ಬರಲೇಬೇಕು. ಇಂಥ ಕತೆ ಕೇಳಿಯೇ ಹೊಸಬರು ವೆಲ್ಕಿನ್ (ದುಡ್ಡು ಕೊಟ್ಟು ಕೊಳ್ಳುವ ತಿಂಗಳ ಪಾಸ್) ಕೊಳ್ಳುತ್ತಾರೆ. ತಿಂಗಳಿಗೆ ಎಲ್ಲಾ ಸೇರಿ 3,000 ಪ್ರಿಮೋಜೆಮ್, ವಿಶ್ ಒಂದಕ್ಕೆ 160ರಂತೆ ಭಾಗಿಸಿದರೆ 19 ವಿಶ್ ಕೂಡ ಇಲ್ಲ.

ಬೆಣ್ಣೆದೋಸೆ:
ನನ್ನ ದುಡ್ಡು, ನನ್ನ ವೆಲ್ಕಿನ್. ನಿಮ್ಮ ಶೀಟ್‌ನಲ್ಲಿ ನನ್ನ ಹೆಸರು ಯಾಕೆ?

ಲೆಕ್ಕದ ಪುಸ್ತಕ:
ಪಿಟಿ ಎಷ್ಟಿತ್ತು ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.